ಚಿಕ್ಕವ್ವ ಮಾಡದ ಪ್ಲಾಂಕ್

ಗೆಳೆಯರೇ, ಇವತ್ತು ಬೆಳಿಗ್ಗೆ ಬಂಡಳ್ಳಿಯ ನಮ್ಮ ಚಿಕ್ಕವ್ವನನ್ನು ಕೊಳ್ಳೇಗಾಲದ ಫಿಸಿಯೋಥೆರಪಿಗೆ ಕರೆದೊಯ್ದಿದ್ದೆ. ನಲವತ್ತು ವರ್ಷ ಬಗ್ಗಿ ಕಳೆ ಕಿತ್ತ ಸೊಂಟ. ಈಗ ಕೂತರೆ ಏಳಲಾರಳು.

ಗೋಡೆಯ ಮೇಲಿದ್ದ ಚಪ್ಪಟೆ ಹೊಟ್ಟೆಯ ಹುಡುಗಿಯ ಚಿತ್ರ ತೋರಿಸಿ ಡಾಕ್ಟರಮ್ಮ, "ಹೊಟ್ಟೆ ಗಟ್ಟಿಯಾದ್ರೆ ಬೆನ್ನುನೋವು ಕಮ್ಮಿಯಾಗುತ್ತೆ. ಬೋರಲು ಮಲಗಿ, ಮೊಣಕೈ ಊರಿ ಮೈ ಎತ್ತಿ" ಎಂದರು.

ಚಿಕ್ಕವ್ವ ಚಾಪೆಯ ಮುಂದೆ ನಿಂತೇ ಇದ್ದಳು.

"ನಾ ಬೀಳಕಿಲ್ಲ ಕಣವ್ವ."

"ಬೀಳೋದಲ್ಲಮ್ಮ, ಇದು ಪ್ಲಾಂಕ್."

"ನಮ್ಮಪ್ಪ ಪಟೇಲ್ರ ಜಗಲಿ ಮುಂದ ಇಂಗೇ ಬಿದ್ದಿರೋನು, ಅವ್ರು ಏಳು ಅನ್ನೋಗಂಟ."

ನಾನು ಬಾಯಿ ಹಾಕಿದೆ. "ಇಲ್ಲಿ ಯಾವ ಪಟೇಲನೂ ಇಲ್ಲ ಕಣವ್ವ, ನಿನ್ನ ಸೊಂಟಕ್ಕೋಸ್ಕರ ಮಾಡು."

"ನೀ ಇದ್ನೆಲ್ಲ ಮೈಕಲ್ಲಿ ಭಾಷಣ ಮಾಡ್ತೀಯ ಕಣ್ಲಾ. ನಾ ಕಣ್ಣಾರ ಕಂಡಿವ್ನಿ."

ಕೊನೆಗೆ ಡಾಕ್ಟರಮ್ಮ ಅಂಗಾತ ಮಲಗಿ ಮಾಡುವ ವ್ಯಾಯಾಮ ಹೇಳಿಕೊಟ್ಟರು. ಚಿಕ್ಕವ್ವ ಹೊಟ್ಟೆ ಬಿಗಿ ಹಿಡಿದು, ಚಾವಣಿ ನೋಡುತ್ತಾ ಮಲಗಿದಳು.

"ನಮ್ಮಪ್ಪನ್ನ ಇಂಗೆ ಅಂಗಾತ ಮಲುಗ್ಸಿದ್ದು ಗುಂಡಿಲೇ ಕಣ್ಲಾ" ಎಂದಳು.

ಪಟೇಲರು ಸತ್ತು ಎಷ್ಟೋ ವರ್ಷವಾಯಿತು. ಅವಳ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಡಿಸ್ಕ್ ಜಾರಿದೆ ಎಂದಷ್ಟೇ ಬರೆದಿದ್ದಾರೆ.