ಗೋಲಿ ಬೀಳದ ದಿನಗಳು

ಮಗಳು ಸ್ವೀಡನ್ನಿನ ಸುಂಡ್‌ಬೀಬರ್ಗ್ ಊರಿನಲ್ಲಿ ಎರಡನೆಯ ತರಗತಿಯಲ್ಲಿದ್ದಾಗ ಅವಳ ಟೀಚರ್ ಕ್ಲಾಸಿನ ಕಿಟಕಿಯ ಬಳಿ ಒಂದು ಗಾಜಿನ ಭರಣಿ ಇಟ್ಟರು. ಪಾಠ ಮುಗಿಯುವವರೆಗೆ ಇಡೀ ಕ್ಲಾಸು ಗಲಾಟೆ ಮಾಡದೆ ಕೂತರೆ ಆ ಭರಣಿಗೊಂದು ಗೋಲಿ. ಭರಣಿ ತುಂಬಿದ ದಿನ ಎಲ್ಲರಿಗೂ ಸಿನಿಮಾ, ಪಾಪ್‌ಕಾರ್ನ್. ಕೇಳಿ ನನಗೂ ಖುಷಿಯಾಗಿತ್ತು. ನಾನು ಓದಿದ ಶಾಲೆಯಲ್ಲಿ ಇದ್ದದ್ದು ಬೆತ್ತ.

ಆ ಚಳಿಗಾಲದಲ್ಲಿ ಪುಣೆಯಿಂದ ಬಂದ ಹುಡುಗಿಯೊಬ್ಬಳು ಮಗಳ ಪಕ್ಕ ಕೂತಳು. ಅವಳಿಗೆ ಸ್ವೀಡಿಷ್ ಒಂದಕ್ಷರ ಬರದು. ಟೀಚರ್ ಹೇಳಿದ್ದನ್ನು ನನ್ನ ಮಗಳು, ಟಿವಿ ನೋಡಿ ಕಲಿತ ಹರುಕುಮುರುಕು ಹಿಂದಿಯಲ್ಲಿ, ಪಿಸುಗುಟ್ಟಿ ತಿಳಿಸುತ್ತಿದ್ದಳು. ಪಿಸುಮಾತೂ ಗಲಾಟೆಯ ಲೆಕ್ಕಕ್ಕೇ ಬಂತು. ಮೂರು ದಿನ ಗೋಲಿ ಬೀಳಲಿಲ್ಲ. ನಾಲ್ಕನೆಯ ದಿನ ಊಟದ ಸಾಲಿನಲ್ಲಿ ಮಗಳ ಜೊತೆ ಯಾರೂ ನಿಲ್ಲಲಿಲ್ಲ.

"ಅಮ್ಮಾ, ಐ ಸ್ಟಾಪ್ಡ್," ಎಂದಳು ಮನೆಗೆ ಬಂದು ಬೂಟು ಬಿಚ್ಚುತ್ತಾ.

"ಏನು ಸ್ಟಾಪ್ ಮಾಡ್ದೆ?"

"ಅವ್ಳಿಗೆ ಹೆಲ್ಪ್ ಮಾಡೋದು. ಎಲ್ರೂ ಆಂಗ್ರಿ ಆಗ್ತಾರೆ."

ನನಗೆ ಮೈಯೆಲ್ಲ ಉರಿಯಿತು. ಮಾರನೆಯ ಬೆಳಿಗ್ಗೆ ಆಫೀಸಿಗೆ ತಡವಾಗುತ್ತದೆಂದು ತಿಳಿಸಿ ಶಾಲೆಗೆ ಹೋದೆ. ಟೀಚರ್ ಕಾಫಿ ಕೊಟ್ಟು ಕೂರಿಸಿದರು. ಕೆಟ್ಟವರಲ್ಲ, ಇಪ್ಪತ್ತಾರು ಮಕ್ಕಳನ್ನು ಒಬ್ಬರೇ ಸಂಭಾಳಿಸುತ್ತಿದ್ದರು. ನಿಯಮ ಎಲ್ಲರಿಗೂ ಒಂದೇ ಇರಬೇಕು, ಹೊಸ ಹುಡುಗಿಗೆ ಭಾಷೆಯ ನೆರವು ಬೇಕೆಂದು ಅರ್ಜಿ ಹಾಕಿದ್ದೇವೆ, ಉತ್ತರ ಬರಬೇಕು ಎಂದರು. ನೆರವು ಪಕ್ಕದ ಸೀಟಿನಲ್ಲೇ ಕೂತಿತ್ತಲ್ಲ, ಅದರ ಬಾಯಿ ಮುಚ್ಚಿಸಿದ್ದು ನಿಮ್ಮ ಗೋಲಿಯೇ ಅಲ್ಲವೇ ಎಂದು ಕೇಳಬೇಕೆಂದಿದ್ದೆ. ಆದರೆ ಜಗಳವಾಡುವಷ್ಟು ಸ್ವೀಡಿಷ್ ನನಗೆ ಬರುತ್ತಿರಲಿಲ್ಲ. ನನ್ನ ಮಗಳು ಮಾಡಿದ್ದು ಒಳ್ಳೆಯದೇ ಎಂದಷ್ಟೇ ಹೇಳಿದೆ. ಅವರು ನಗುನಗುತ್ತಾ ಬರೆದುಕೊಂಡರು. ಆ ನಗುವಿಗೆ ಇನ್ನಷ್ಟು ಸಿಟ್ಟು ಬಂತು.

ಎರಡು ವಾರಕ್ಕೆ ಭರಣಿ ತುಂಬಿತು. ಎಲ್ಲರೂ ಸಿನಿಮಾ ನೋಡಲು ಸಾಲಾಗಿ ಎದ್ದಾಗ ಹೊಸ ಹುಡುಗಿ, ಹೊರಗೆ ಆಡಲು ಬಿಟ್ಟರೆಂದುಕೊಂಡು, ಜಾಕೆಟ್, ಟೋಪಿ, ಕೈಗವಸು ಹಾಕಿಕೊಂಡು ಬಾಗಿಲ ಬಳಿ ಹೋಗಿ ನಿಂತಳಂತೆ. ಮಕ್ಕಳು ನಕ್ಕರಂತೆ.

"ನೀನು ಹೇಳ್ಲಿಲ್ವಾ ಪುಟ್ಟಿ, ಸಿನಿಮಾ ಇದೆ ಅಂತ?"

"ಸಾಲಲ್ಲೂ ಮಾತಾಡ್ಬಾರ್ದು, ಅಮ್ಮ."

ಈ ಸಲ ಹೇಳಬೇಕಾದದ್ದನ್ನೆಲ್ಲ ಸ್ವೀಡಿಷ್‌ನಲ್ಲಿ ಬರೆದುಕೊಂಡು ಹೋಗಿ ಟೀಚರ್ ಮುಂದೆ ಓದಿದೆ. ಅವರ ಮುಖ ಕೆಂಪಾಯಿತು. ಅವರಿಬ್ಬರು ಪಿಸುಗುಟ್ಟಬಹುದು ಎಂದು ಅಂದೇ ಕ್ಲಾಸಿಗೆ ಹೇಳಿದರು.

ಮಗಳು ಮಾತ್ರ ಕ್ಲಾಸಿನಲ್ಲಿ ಮತ್ತೆ ಪಿಸುಗುಟ್ಟಲಿಲ್ಲ. ಟೀಚರ್ ಒಪ್ಪಿದ್ದಾರಲ್ಲ ಎಂದು ನಾನು ದಿನಾ ಹೇಳುತ್ತಿದ್ದೆ. ಅವಳು ದಿನಾ ಹೂಂ ಎಂದು ತಲೆಯಾಡಿಸುತ್ತಿದ್ದಳು, ಅಷ್ಟೇ.