ಬಿಳಿ ಚೂಡಿದಾರದ ಮೇಲೆ ಒಂದು ಹನಿ ಆಯಿಲ್ ಇಲ್ಲ

ಅರಬರು ಕಾಫಿ ಬಗ್ಗಿಸುವ ಹೂಜಿಯೊಂದನ್ನು ಮೋಟಾರ್ ಸೈಕಲ್ಲಿಗೆ ಕಟ್ಟಿ, ಸ್ನೇಹಿತನ ಬೈಕನ್ನು ಗುಜರಿಯವನ ಬಾಯಿಂದ ಬಿಡಿಸಿಕೊಂಡು ಬಂದವನು ನಾನು. ನಂಬಿಕೆ ಬರುವುದಿಲ್ಲ ಅಲ್ಲವೇ? ಪರವಾಗಿಲ್ಲ. ಪೂರ್ತಿ ಓದಿ, ಆಮೇಲೂ ಸುಳ್ಳು ಎನ್ನುವ ಧೈರ್ಯ ಉಳಿದಿದ್ದರೆ ಅನ್ನಿ, ನೋಡೋಣ.

ಇದು ಕಳೆದ ಡಿಸೆಂಬರಿನ ಮಾತು. ನಾನು ಹುಬ್ಬಳ್ಳಿಯ ಬಸವರಾಜ. ವಯಸ್ಸು ಅರವತ್ತು ದಾಟಿದೆ, ಮೀಸೆ ಇನ್ನೂ ಇಪ್ಪತ್ತೈದರಲ್ಲೇ ಇದೆ. ಕತಾರಿನಲ್ಲಿ ದೊಡ್ಡ ದೊಡ್ಡ ಗ್ಯಾಸ್ ಕಂಪ್ರೆಸರ್‌ಗಳ ರಿಪೇರಿ ನನ್ನ ಕೆಲಸ. ಆದರೆ ದೋಹಾದ ಕನ್ನಡದವರಿಗೆ ನಾನು ಗೊತ್ತಿರುವುದು ಕೆಲಸದಿಂದಲ್ಲ, ಕೀಟಲೆಯಿಂದ. ಮಂಗಳೂರಿನಿಂದ ಹೊಸದಾಗಿ ಬಂದವನೊಬ್ಬನಿಗೆ ಇಲ್ಲಿ ಛತ್ರಿ ಹಿಡಿಯಲು ಪರ್ಮಿಟ್ ಬೇಕು ಎಂದು ನಂಬಿಸಿ ಫೋಟೋ ತೆಗೆಸಿಕೊಂಡು ಬರುವಂತೆ ಮಾಡಿದ್ದೇನೆ. ತಂದಾಗ, ಛತ್ರಿ ಬಿಚ್ಚಿ ಹಿಡಿದಿರುವ ಫೋಟೋ ಬೇಕಿತ್ತು ಎಂದು ವಾಪಸ್ ಕಳಿಸಿದವನೂ ನಾನೇ. ಹೀಗಾಗಿ ನಾನು ಬಾಯಿ ತೆರೆದರೆ ಜನ ಮೊದಲು ನಗುತ್ತಾರೆ, ಆಮೇಲೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ.

ನನ್ನ ಸ್ನೇಹಿತ ಲಾರೆನ್ಸ್ ಉಡುಪಿ ಕಡೆಯವನು. ಆಫೀಸೊಂದರಲ್ಲಿ ಅಕೌಂಟೆಂಟ್. ಬಹಳ ಸಾಧು ಮನುಷ್ಯ. ದುಡಿದದ್ದೆಲ್ಲ ಊರಿನ ಮನೆಗೆ, ಮಕ್ಕಳ ಓದಿಗೆ, ತಂಗಿಯರ ಮದುವೆಗೆ ಹೋಯಿತು. ಅವನು ತನಗಾಗಿ ಎಂದು ಕೊಂಡ ಒಂದೇ ಒಂದು ವಸ್ತು, ಐನೂರು ಸಿಸಿಯ ಒಂದು ಮುದಿ ಬೈಕು. ಶುಕ್ರವಾರ ಬೆಳಿಗ್ಗೆ ಅದರ ಮೇಲೆ ಕೂತಾಗ ಮಾತ್ರ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಉಳಿದ ದಿನ ಅವನು ಕಂಪ್ಯೂಟರಿನ ಕಡೆಗೆ ಬಾಗಿದ ಪ್ರಶ್ನಾರ್ಥಕ ಚಿಹ್ನೆ.

ಒಂದು ಬುಧವಾರ ಸಂಜೆ ಅಲ್ ಸದ್ದ್‌ನಲ್ಲಿರುವ ಅವರ ಫ್ಲಾಟಿಗೆ ಸಣ್ಣ ಮತ್ತು ಮೀನಿನ ಗಸಿ ತಿನ್ನಲು ಹೋಗಿದ್ದೆ. ಗಾಬರಿಯಾಗಬೇಡಿ, ಸಣ್ಣ ಎಂದರೆ ಅವರ ಕಡೆಯ ಇಡ್ಲಿ. ಬಾಗಿಲು ತೆರೆದ ಲಾರೆನ್ಸನ ಮುಖ ನೋಡಿದರೆ ಯಾರೋ ತೀರಿಕೊಂಡಂತಿತ್ತು. ಅವನ ಹೆಂಡತಿ ಸೆಲಿನ್ ಮೊಣಕೈಗೆ ಬ್ಯಾಂಡೇಜು ಕಟ್ಟಿಕೊಂಡಿದ್ದಳು. ಏನಾಯಿತು ಎಂದು ಕೇಳಿದ್ದಕ್ಕೆ ಅವಳೇ ಹೇಳಿದಳು. ಹಿಂದಿನ ವಾರ ಅಲ್ ರಯ್ಯಾನ್ ಕಡೆಯ ಒಂದು ರೌಂಡಬೌಟಿನಲ್ಲಿ, ಲಾರೆನ್ಸನ ಹಿಂದೆ ಅವಳೂ ಕೂತಿದ್ದ ಬೈಕು ತಿರುಗುವಾಗ ಹಿಂದಿನ ಚಕ್ರ ಸರ್ರನೆ ಜಾರಿತಂತೆ. ಎಂಜಿನ್ ಉಗುಳಿದ ಆಯಿಲು ಟಯರಿನ ತುಂಬ ಹರಡಿಕೊಂಡಿತ್ತು. ಹಿಂದೆ ವಾಹನ ಇರಲಿಲ್ಲವಾದ್ದರಿಂದ ಮೊಣಕೈ ತರಚಿದ್ದರಲ್ಲೇ ಮುಗಿಯಿತು. ಅವಳು ಗುಜರಿ ಪಿಕಪ್ಪಿನ ಮಲಯಾಳಿಗೆ ಫೋನ್ ಮಾಡಿಯಾಗಿತ್ತು. ಶನಿವಾರ ಅವನು ಬಂದು ಬೈಕು ಎತ್ತಿಕೊಂಡು ಹೋಗುವವನಿದ್ದ.

ಲಾರೆನ್ಸ್ ತಟ್ಟೆ ನೋಡಿಕೊಂಡು ಹೇಳಿದ, "ಅವಳು ಹೇಳುವುದು ಸರಿಯೇ ಮಾರಾಯ್ರೆ. ಮೂರು ಗ್ಯಾರೇಜು ತಿರುಗಿದೆ. ಇನ್ನು ಎಂತ ಮಾಡ್ಲಿಕ್ಕುಂಟು?"

ಹೀಗೆ ಹೇಳಿ ಸಣ್ಣವನ್ನು ಗಸಿಯಲ್ಲಿ ಅದ್ದಿದ. ತಿನ್ನಲಿಲ್ಲ. ಸುಮ್ಮನೆ ಅದ್ದುತ್ತಲೇ ಇದ್ದ. ನನಗೆ ತಡೆಯಲಾಗಲಿಲ್ಲ. ಶುಕ್ರವಾರದೊಳಗೆ ಒಂದು ಹನಿ ಆಯಿಲು ಹೊರಗೆ ಬರದಂತೆ ಮಾಡಿಕೊಡುತ್ತೇನೆ ಎಂದುಬಿಟ್ಟೆ. ಸೆಲಿನ್ ಬಿದ್ದು ಬಿದ್ದು ನಕ್ಕಳು.

"ಬಸಣ್ಣ, ನೀವು ಹೇಳಿದ್ದನ್ನು ನಂಬಿ ಇವರು ಒಮ್ಮೆ ಒಂಟೆ ಹಾಲಿನಲ್ಲಿ ತಲೆ ತೊಳೆದಿದ್ದಾರೆ. ಕೂದಲು ಬಂತಾ?"

"ಬಾಯಾರ, ಅದು ಚಾಷ್ಟಿ. ಇದು ನನ್ನ ಕಸಬು," ಎಂದೆ. "ಶುಕ್ರವಾರ ನೀವು ಹಿಂದ ಕುಂದರ್ರಿ. ಬಟ್ಟಿ ಮ್ಯಾಲೆ ಒಂದ್ ಹನಿ ಬಿದ್ರ ಈ ಮೀಸಿ ನಿಮ್ಮ ಕೈಯಾಗ ಕೊಡ್ತೀನಿ."

ಅವಳು ನಗು ನಿಲ್ಲಿಸಿ ನನ್ನ ಮೀಸೆಯನ್ನು ಅಳತೆ ತೆಗೆಯುವವಳಂತೆ ನೋಡಿದಳು. ಆಗಬಹುದು, ಆದರೆ ನಾನು ಚರ್ಚಿನಲ್ಲಿ ಹಾಡುವ ಕಾಯರಿನ ಬಿಳಿ ಚೂಡಿದಾರ ಹಾಕಿಕೊಂಡು ಕೂರುತ್ತೇನೆ, ಅಲ್ ಖೋರ್‌ವರೆಗೆ ಹೈವೇಯಲ್ಲೇ ಹೋಗಬೇಕು, ಒಂದು ಚುಕ್ಕೆ ಕಂಡರೂ ಬೈಕೂ ಹೋಯಿತು ಮೀಸೆಯೂ ಹೋಯಿತು ಎಂದಳು. ಲಾರೆನ್ಸ್ ಮೊದಲ ಸಲ ತಟ್ಟೆಯಿಂದ ತಲೆ ಎತ್ತಿದ.

ಊಟ ಬಿಟ್ಟು ಇಬ್ಬರೂ ಬೇಸ್‌ಮೆಂಟ್ ಪಾರ್ಕಿಂಗಿಗೆ ಇಳಿದೆವು. ಬೈಕಿನ ಕೆಳಗೆ ಹಾಸಿದ್ದ ರಟ್ಟು ಆಯಿಲು ಕುಡಿದು ಹಪ್ಪಳದಂತೆ ಹೊಳೆಯುತ್ತಿತ್ತು. ಆಯಿಲ್ ಅಳೆಯುವ ಕಡ್ಡಿ ತೆಗೆದು ನೋಡಿದೆ. ಮೇಲಿನ ಗೆರೆಗಿಂತ ಎಷ್ಟೋ ಮೇಲಿತ್ತು. ಕೇಳಿದ್ದಕ್ಕೆ, ಇಲ್ಲಿನ ಬಿಸಿಲಿಗೆ ಎಂಜಿನ್ ತಣ್ಣಗಿರಲಿ ಎಂದು ಸ್ವಲ್ಪ ಜಾಸ್ತಿ ಹಾಕುತ್ತೇನೆ ಎಂದ. ಗಲ್ಫಿನಲ್ಲಿ ಅರ್ಧ ಜನ ಮಾಡುವ ತಪ್ಪು ಇದೇ. ಎಂಜಿನ್ನಿನ ಹೊಟ್ಟೆಯಿಂದ ಗಾಳಿ ಹೊರಗೆ ಹೋಗಲೆಂದು ಒಂದು ರಬ್ಬರ್ ಪೈಪು ಇರುತ್ತದೆ. ಅದನ್ನು ಹುಡುಕಿ ನೋಡಿದರೆ ಅದರ ಬಾಯಿಗೆ ದಪ್ಪನೆಯ ಒಂದು ಬೋಲ್ಟು ತುರುಕಿ, ಮೇಲೆ ಕ್ಲಿಪ್ಪು ಬಿಗಿದಿದ್ದರು.

"ಅದರಿಂದಲೇ ಆಯಿಲ್ ತೊಟ್ಟಿಕ್ತಿತ್ತು ಬಸಣ್ಣ. ನಾನೇ ಗ್ಯಾರೇಜಿನವನಿಗೆ ಬಂದ್ ಮಾಡ್ಲಿಕ್ಕೆ ಹೇಳಿದೆ," ಎಂದ ಲಾರೆನ್ಸ್.

ನಾನು ಅವನನ್ನು ಮೇಲಕ್ಕೆ ಕರೆದುಕೊಂಡು ಹೋಗಿ ನೇರ ಅಡುಗೆಮನೆಯಲ್ಲಿ ನಿಲ್ಲಿಸಿದೆ. ಸೆಲಿನ್ ಪಾತ್ರೆ ತೊಳೆಯುತ್ತಿದ್ದಳು. ಕುಕ್ಕರಿನ ತುಂಬ, ಕಂಠದವರೆಗೆ ಬೇಳೆ ನೀರು ಹಾಕಿದರೆ ಏನಾಗುತ್ತದೆ ಎಂದು ಕೇಳಿದೆ. ಸೀಟಿಯಿಂದ ಎಲ್ಲ ಉಕ್ಕಿ ಒಲೆ ಗಲೀಜಾಗುತ್ತದೆ ಎಂದಳು.

"ಹಂಗ ಉಕ್ಕಾಕತ್ತೈತಿ ಅಂತ ಸೀಟಿ ಮ್ಯಾಲೆ ಕಲ್ಲು ಹೇರಿದ್ರ?"

"ಸುತ್ತಲಿನ ರಬ್ಬರಿಂದ ಸೋರ್ತದೆ. ಕೆಲವು ಸಲ ಮುಚ್ಚಳ ಮುಖಕ್ಕೇ ಬರ್ತದೆ." ಅವಳ ಕೈ ನಿಂತಿತು. ಗಂಡನ ಕಡೆ ತಿರುಗಿದಳು. "ನೀವು ಬೈಕಿಗೆ ಅದನ್ನೇ ಮಾಡಿದ್ದಾ? ಕಂಠದವರೆಗೆ ತುಂಬಿಸಿ, ಸೀಟಿಯನ್ನೂ ಮುಚ್ಚಿಟ್ಟು, ಅದರ ಮೇಲೆ ನನ್ನನ್ನು ಕೂರಿಸಿದ್ದಾ?"

ಮೂರು ಗ್ಯಾರೇಜಿನವರು ಹೇಳದ್ದು ಅವಳಿಗೆ ಒಂದು ನಿಮಿಷದಲ್ಲಿ ಹೊಳೆಯಿತು. ಹಳೆಯ ಎಂಜಿನ್ನಿನಲ್ಲಿ ಪಿಸ್ಟನ್ ಸುತ್ತಲಿನ ರಿಂಗುಗಳು ಸವೆದಿರುತ್ತವೆ. ಉರಿದ ಗ್ಯಾಸು ಆ ಸಂದಿಯಿಂದ ನುಸುಳಿ ಕೆಳಗೆ ಆಯಿಲ್ ಇರುವ ಜಾಗಕ್ಕೆ ಇಳಿಯುತ್ತದೆ. ಅದು ಹೊರಗೆ ಹೋಗಲೇಬೇಕು. ಹೋಗುವಾಗ ಆಯಿಲನ್ನು ಮಂಜಿನಂತೆ ಎಳೆದುಕೊಂಡು ಹೋಗುತ್ತದೆ. ದಾರಿ ಮುಚ್ಚಿದರೆ ಸಿಕ್ಕ ಸಿಕ್ಕ ಸೀಲಿನಿಂದ ಆಯಿಲನ್ನು ನೂಕಿಕೊಂಡು ಬರುತ್ತದೆ. ಆದ್ದರಿಂದ ಗಾಳಿಯನ್ನು ತಡೆಯಬಾರದು, ಆಯಿಲನ್ನು ಮಾತ್ರ ದಾರಿಯಲ್ಲಿ ಹಿಡಿದು ನಿಲ್ಲಿಸಬೇಕು. ನಮ್ಮ ಕಂಪ್ರೆಸರ್‌ಗಳಲ್ಲಿ ಈ ಕೆಲಸಕ್ಕೆ ಮನೆಯಷ್ಟು ದೊಡ್ಡ ಡಬ್ಬಿ ಇರುತ್ತದೆ. ಬೈಕಿಗೆ ಲೋಟದಷ್ಟಿದ್ದರೆ ಸಾಕು.

ಗುರುವಾರ ಡ್ಯೂಟಿ ಮುಗಿಸಿ ಸನಾಯಾಕ್ಕೆ ಹೋದೆ. ಗ್ಯಾರೇಜು, ಗುಜರಿ ಅಂಗಡಿಗಳೇ ತುಂಬಿರುವ ಏರಿಯಾಕ್ಕೆ ಇಲ್ಲಿ ಎಲ್ಲರೂ ಹಾಗೆನ್ನುತ್ತಾರೆ. ದಪ್ಪನೆಯ ಪೈಪು ತಂದೆ. ಹಳೆಯ ಕಾರೊಂದರ ಬ್ರೇಕಿನಿಂದ ಬಿಚ್ಚಿದ ಒನ್‌ವೇ ವಾಲ್ವು ತಂದೆ. ಒಂದು ಕಡೆಯಿಂದ ಗಾಳಿ ಬಿಡುತ್ತದೆ, ಇನ್ನೊಂದು ಕಡೆಯಿಂದ ಬಿಡುವುದಿಲ್ಲ. ಎಂಜಿನ್ ಉಸಿರು ಹೊರಗೆ ಬಿಡಬಹುದು, ಒಳಗೆ ಎಳೆದುಕೊಳ್ಳುವಂತಿಲ್ಲ. ಆಗ ಒಳಗಿನ ಒತ್ತಡ ಕಡಿಮೆಯಾಗಿ ಸೀಲುಗಳು ಒಣಗಿರುತ್ತವೆ. ಇದು ವಿಮಾನದ ವಾಲ್ವು, ಏರ್‌ಪೋರ್ಟಿನ ದೋಸ್ತನಿಂದ ಕದ್ದು ತಂದಿದ್ದೇನೆ ಎಂದು ಲಾರೆನ್ಸನಿಗೆ ಹೇಳಿದೆ. ಪಾಪ, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಇನ್ನು ಡಬ್ಬಿ ಬೇಕಿತ್ತು. ಪ್ಲಾಸ್ಟಿಕ್ ಆಗದು, ಸೈಲೆನ್ಸರಿನ ಬಿಸಿಗೆ ಕರಗುತ್ತದೆ. ಮುಚ್ಚಳ ಇರಬೇಕು, ಗಾಳಿ ಹೋಗಲು ಒಂದು ಮೂತಿಯೂ ಇರಬೇಕು. ಹಾಗೆ ಯೋಚಿಸುತ್ತ ಅವರ ಫ್ಲಾಟಿನ ಹಾಲ್‌ನಲ್ಲಿದ್ದ ಶೋಕೇಸಿನ ಕಡೆ ಕಣ್ಣು ಹಾಯಿಸಿದೆ. ಅಲ್ಲಿ ಕೂತಿತ್ತು ನೋಡಿ, ಅಂಗೈಯಗಲದ ಒಂದು ದಲ್ಲಾ. ಅರಬರು ತಮ್ಮ ಕಾಫಿ, ಗಹ್ವಾ, ಬಗ್ಗಿಸುತ್ತಾರಲ್ಲ, ಗಿಳಿಮೂಗಿನ ಹೂಜಿ, ಅದು. ಸೆಲಿನ್ ಕಾಯರ್ ಪ್ರಾಕ್ಟೀಸಿಗೆ ಹೋಗಿದ್ದಳು.

"ಬೇಡ ಬಸಣ್ಣ. ಅವಳು ನನ್ನನ್ನೂ ಗುಜರಿಗೆ ಹಾಕ್ತಾಳೆ."

"ನಿನ್ನ ಯಾರ್ ತಗೋತಾರೋ? ಯಲ್ಲಾ, ಎತ್ತು."

ಕತಾರಿಗೆ ಬಂದಾಗಿನಿಂದ ಲಾರೆನ್ಸ್ ಮಾಡಿದ ಮೊದಲ ಕಳ್ಳತನ ಅದು, ತನ್ನ ಮನೆಯದೇ ಶೋಕೇಸಿನಿಂದ. ದಲ್ಲಾದ ಮುಚ್ಚಳದ ಮೇಲಿನ ಹಿಡಿಕೆ ತಿರುಗಿಸಿ ತೆಗೆದರೆ ಸರಿಯಾಗಿ ಪೈಪು ಹಿಡಿಸುವ ತೂತು ರೆಡಿ ಇತ್ತು. ಹೊಟ್ಟೆಯೊಳಗೆ ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರು ತುಂಬಿದೆ. ಆಯಿಲಿನ ಮಂಜು ಆ ಎಳೆಗಳಿಗೆ ತಾಗಿ ಹನಿಯಾಗಿ ಕೆಳಗಿಳಿಯುತ್ತದೆ, ಬರೀ ಗಾಳಿ ಮೂತಿಯಿಂದ ಹೊರಗೆ. ಪೈಪನ್ನು ಎಂಜಿನ್ನಿನಿಂದ ನೆಟ್ಟಗೆ ಮೇಲಕ್ಕೆ, ಟ್ಯಾಂಕಿನ ಅಡಿಯವರೆಗೆ ಏರಿಸಿ ಆಮೇಲೆ ದಲ್ಲಾಕ್ಕೆ ಇಳಿಸಿದೆ. ಭಾರದ ಹನಿಗಳು ದಾರಿಯಲ್ಲೇ ಸೋತು ವಾಪಸ್ ಎಂಜಿನ್ನಿಗೆ ಬೀಳಲಿ ಎಂದು. ಹೆಚ್ಚಿನ ಆಯಿಲು ಇಳಿಸಿ, ಎಲ್ಲ ಒರೆಸಿ, ಕಿಕ್ ಹೊಡೆಯಲು ಹೇಳಿದೆ.

ಎಂಜಿನ್ ಸ್ಟಾರ್ಟ್ ಆಯಿತು. ಸ್ವಲ್ಪ ಹೊತ್ತಿಗೆ ಎಲ್ಲ ಸೀಲುಗಳಿಂದ ಗುಳುಗುಳು ಆಯಿಲು ಬರತೊಡಗಿತು, ಮೊದಲಿಗಿಂತ ಜೋರಾಗಿ. ಲಾರೆನ್ಸ್ ಕೀ ತಿರುಗಿಸಿ ಆರಿಸಿ, ನೆಲದ ಮೇಲೆ ಕೂತುಬಿಟ್ಟ. ಖಲಾಸ್ ಎಂದಷ್ಟೇ ಅಂದ. ನಾನು ವಾಲ್ವು ಬಿಚ್ಚಿ ಬಾಯಿಗಿಟ್ಟು ಊದಿದೆ. ಉಲ್ಟಾ ಹಾಕಿದ್ದೆ. ಅಂದರೆ, ಬೇಕೆಂದೇ ಉಲ್ಟಾ ಹಾಕಿದ್ದೆ, ಲಾರೆನ್ಸನ ತಾಳ್ಮೆ ಪರೀಕ್ಷೆ ಮಾಡಲು. ಹಾಗೆಂದು ಅವನಿಗೂ ಹೇಳಿದೆ. ಅವನು ನನ್ನ ಮುಖ ನೋಡಿ ನಗತೊಡಗಿದ. ವಾಲ್ವು ಊದಿ ಊದಿ ನನ್ನ ತುಟಿ, ಹಲ್ಲು, ಮೀಸೆ ಎಲ್ಲ ಡಾಂಬರಿನಂತೆ ಕಪ್ಪಾಗಿತ್ತು. ಆ ವಾರದಲ್ಲಿ ಅವನು ನಕ್ಕದ್ದು ಅದೇ ಮೊದಲು. ವಾಲ್ವು ತಿರುಗಿಸಿ ಹಾಕಿ ಮತ್ತೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಬುಸ್ ಬುಸ್ ಎಂದು ದಲ್ಲಾದ ಮೂಗಿನಿಂದ ಉಸಿರು ಬಿಟ್ಟಿತು. ಸೀಲುಗಳು ಒಣಗಿಯೇ ಇದ್ದವು. ಆದರೆ ಪಾರ್ಕಿಂಗಿನಲ್ಲಿ ನಿಂತು ಉಸಿರಾಡುವುದು ಬೇರೆ, ಹೈವೇಯಲ್ಲಿ ಓಡುತ್ತ ಉಸಿರಾಡುವುದು ಬೇರೆ.

ಶುಕ್ರವಾರ ಬೆಳಿಗ್ಗೆ ಸೆಲಿನ್ ಮಲ್ಲಿಗೆ ಹೂವಿನಂಥ ಬಿಳಿ ಚೂಡಿದಾರದಲ್ಲಿ ಇಳಿದು ಬಂದಳು. ಬೈಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ದಲ್ಲಾ ಕಾಣದಂತೆ ನಾನು ಆ ಬದಿಗೆ ನಿಂತಿದ್ದೆ. ಹೆಲ್ಮೆಟ್ಟು ಹಾಕಿಕೊಂಡು ಕೂತಳು. ನಾನು ಹಿಂದಿನಿಂದ ಕಾರಿನಲ್ಲಿ ಹೊರಟೆ. ಉಮ್ಮ್ ಸಲಾಲ್ ದಾಟಿ ರಸ್ತೆ ಖಾಲಿಯಾದ ಮೇಲೆ ಲಾರೆನ್ಸ್ ವೇಗ ಏರಿಸಿದ. ಆಯಿಲು ಬೀಳುವುದಿದ್ದರೆ ಬೀಳುವುದು ಆಗಲೇ. ನನಗೇನು ಚಿಂತೆ? ಗ್ಲಾಸು ಇಳಿಸಿ, ನಮ್ಮ ಕಡೆಯ ಭಜನೆ ಪದಗಳನ್ನು ದೊಡ್ಡ ದನಿಯಲ್ಲಿ ಹಾಡುತ್ತ ಆರಾಮಾಗಿ ಹೋದೆ.

ಅಲ್ ಖೋರ್‌ನ ಸಮುದ್ರದ ದಂಡೆಯಲ್ಲಿ ಕರಕ್ ಎನ್ನುವ ಗಟ್ಟಿ ಹಾಲಿನ ಚಹಾದ ಅಂಗಡಿ ಮುಂದೆ ಬೈಕು ನಿಂತಿತು. ಸೆಲಿನ್ ಇಳಿದು, ನನ್ನ ಕಾರಿನ ಕಿಟಕಿ ಗ್ಲಾಸಿನಲ್ಲಿ ತನ್ನ ಬೆನ್ನು ನೋಡಿಕೊಂಡಳು. ಪ್ಯಾಂಟಿನ ಅಂಚು ಎತ್ತಿ ನೋಡಿದಳು. ದುಪಟ್ಟಾವನ್ನು ಬಿಸಿಲಿಗೆ ಹಿಡಿದು ನೋಡಿದಳು. ಏನೂ ಇಲ್ಲ. ಬ್ಯಾಗಿನಿಂದ ಟಿಶ್ಯೂ ತೆಗೆದು ಹಿಂದಿನ ಟಯರನ್ನು ಒರೆಸಿದಳು. ಬರೀ ಮರಳಿನ ಧೂಳು. ಅದೇ ಬ್ಯಾಗಿನಲ್ಲಿ ಒಂದು ಕತ್ತರಿಯೂ ಇತ್ತು. ನನ್ನನ್ನು ನೋಡಿ ಅದನ್ನು ಮತ್ತೆ ಒಳಗೆ ತಳ್ಳಿದಳು. ಲಾರೆನ್ಸ್ ಹೆಲ್ಮೆಟ್ಟು ತೆಗೆಯದೆ ಹಾಗೇ ನಿಂತಿದ್ದ. ಅವನ ಕಣ್ಣು ನನಗೆ ಕಾಣಬಾರದು ಎಂದಿರಬೇಕು.

ಅಷ್ಟರಲ್ಲಿ ಪಕ್ಕದ ಗಾಡಿಯಿಂದ ಇಳಿದ ಒಬ್ಬ ಹಿರಿಯ ಕತಾರಿ ನಮ್ಮ ಕಡೆ ಬಂದರು. ಬೈಕಿಗೆ ತೂಗುಹಾಕಿದ್ದ ದಲ್ಲಾ ನೋಡಿ ಅವರ ಕಣ್ಣರಳಿತು. ಗಹ್ವಾ ಇದೆಯೇ ಎಂದು ಕೇಳಿದರು. ನಾನು ನನ್ನ ಅರ್ಧಂಬರ್ಧ ಅರಬ್ಬಿಯಲ್ಲಿ ಗಹ್ವಾ ಮಾಫಿ, ಅಂದರೆ ಇಲ್ಲ, ಕರಕ್ ಇದೆ ಎಂದು ಮುಚ್ಚಳ ಎತ್ತಿ ಸ್ಕ್ರಬ್ಬರು ಸರಿಸಿದೆ. ತಳದಲ್ಲಿ ನಾಲ್ಕು ಚಮಚದಷ್ಟು ಆಯಿಲು, ನೀರಿನ ಪಸೆ ಬೆರೆತು, ನೊರೆ ಎದ್ದು, ಅಚ್ಚು ಹಾಲಿನ ಚಹಾದ ಬಣ್ಣಕ್ಕೆ ತಿರುಗಿತ್ತು. ಅವರು ಮೂಸಿ ನೋಡಿ, ತಲೆಗೆ ಹೊದ್ದ ಗುತ್ರಾ ವಸ್ತ್ರ ಜಾರುವಷ್ಟು ನಕ್ಕು, ನಮ್ಮ ಮೂವರಿಗೂ ನಿಜವಾದ ಕರಕ್ ತರಿಸಿಕೊಟ್ಟರು.

ಸೆಲಿನ್ ಮಾತ್ರ ನಗಲಿಲ್ಲ. ದಲ್ಲಾವನ್ನೇ ನೋಡುತ್ತಿದ್ದಳು.

"ಇದು ನನ್ನ ಶೋಕೇಸಿನದ್ದಲ್ವಾ?"

ಲಾರೆನ್ಸ್ ನನ್ನನ್ನು ನೋಡಿದ. ನಾನು ಸಮುದ್ರ ನೋಡಿದೆ. ಅವಳು ಫೋನ್ ತೆಗೆದು ಗುಜರಿಯವನಿಗೆ ಮಾಡಿದಳು. ಚಹಾದ ಕಪ್ಪು ನನ್ನ ಕೈಯಲ್ಲೇ ತಣ್ಣಗಾಯಿತು. ನಾಳೆ ಬರುವುದು ಬೇಡ, ಬೈಕು ಕೊಡುವುದಿಲ್ಲ ಎಂದು ಮಲಯಾಳದಲ್ಲಿ ಹೇಳಿದಳು. ಆಮೇಲಿನದು ನನಗೆ ಪೂರ್ತಿ ತಿಳಿಯಲಿ ಎಂದು ಹಿಂದಿಯಲ್ಲಿ ಮುಂದುವರಿಸಿದಳು. ಇಲ್ಲಿ ಒಬ್ಬ ಮುದುಕ ಇದ್ದಾನೆ, ಮೀಸೆ ಸಮೇತ, ಬೇಕಾದರೆ ಪುಕ್ಕಟೆ ಒಯ್ಯಬಹುದು ಎಂದಳು. ವಾಪಸ್ ಹೊರಡುವಾಗ ಯಾರೂ ಹೇಳದೆ ಹೋಗಿ ಬೈಕಿನ ಹಿಂದೆ ಕೂತು, ಗಂಡನ ಹೆಗಲ ಮೇಲೆ ಕೈಯಿಟ್ಟಳು. ಲಾರೆನ್ಸನ ಬೆನ್ನು ಎಷ್ಟು ನೆಟ್ಟಗಾಯಿತೆಂದರೆ ಅವನು ಇಷ್ಟು ಎತ್ತರ ಇದ್ದಾನೆಂದು ನನಗೆ ಗೊತ್ತಾದದ್ದೇ ಆಗ.

ಈಗಲೂ ಶುಕ್ರವಾರ ಆ ಬೈಕಿನ ಸದ್ದು ಕೇಳಿದರೆ ನನ್ನ ಕೈ ತಾನಾಗಿ ಮೀಸೆಗೆ ಹೋಗುತ್ತದೆ. ಇದರಿಂದ ಏನು ಕಲಿತಿರಿ ಎಂದು ಕೇಳಬೇಡಿ. ಏನೂ ಕಲಿಯಲಿಲ್ಲ, ನನಗೆ ಮೊದಲೇ ಎಲ್ಲ ಗೊತ್ತಿತ್ತು.

ಹೌದು, ಇದರಲ್ಲಿ ಒಂದು ಸುಳ್ಳು ಸೇರಿಸಿದ್ದೇನೆ. ನೀವು ಅಂದುಕೊಂಡಂತೆ ದಲ್ಲಾ ಅಲ್ಲ, ಅದು ಇಂದಿಗೂ ಬೈಕಿನ ಮೇಲೇ ಇದೆ, ಹೋಗಿ ನೋಡಬಹುದು. ಕರಕ್ ಕುಡಿಸಿದ ಹಿರಿಯರೂ ಅಲ್ಲ. ಕಾರಿನಲ್ಲಿ ಹಾಡುತ್ತ ಆರಾಮಾಗಿ ಹೋದೆ ಎಂದೆನಲ್ಲ, ಅದು. ಒಂದು ಸಾಲೂ ಬಾಯಿಂದ ಹೊರಡಲಿಲ್ಲ. ಅಲ್ ಖೋರ್ ಬರುವವರೆಗೂ ಆ ಬಿಳಿ ಬೆನ್ನಿನ ಮೇಲಿಂದ ಕಣ್ಣು ಕೀಳದೆ, ನೆನಪಿಗೆ ಬಂದ ದೇವರನ್ನೆಲ್ಲ, ಸೆಲಿನ್‌ಳ ಚರ್ಚಿನ ದೇವರನ್ನೂ ಸೇರಿಸಿ, ಲಾರೆನ್ಸನ ಪರವಾಗಿ ಬೇಡಿಕೊಳ್ಳುತ್ತ ಹೋದೆ.