ಮೊಣಕೈ ಮಿಸ್

ಕಾಲೇಜಿನಲ್ಲಿ ನೃತ್ಯ ಕಲಿಸುತ್ತಿದ್ದ ಆಕೆಗೆ ಮಕ್ಕಳು ಇಟ್ಟ ಹೆಸರು ಮೊಣಕೈ ಮಿಸ್. ಯಾರ ಮೊಣಕೈ ಜೋತುಬಿದ್ದರೂ ಸರಿ, ಆಕೆಯ ಕೈ ತಾನಾಗಿ ಹೋಗಿ ಅದನ್ನು ಎತ್ತಿಬಿಡುತ್ತಿತ್ತು. ಒಮ್ಮೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದ ಅಪರಿಚಿತ ಹೆಂಗಸಿಗೂ ಈ ಸೇವೆ ಸಂದಿತ್ತು. ಪೇಪರ್ ಓದುತ್ತ ಕೂತ ಗಂಡನಂತೂ ಹೆಂಡತಿಯ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ನೆಟ್ಟಗಾಗುತ್ತಿದ್ದ.

ಪ್ರತಿವರ್ಷ ಕಾಲೇಜಿನ ನೃತ್ಯ ಪ್ರದರ್ಶನಕ್ಕೆ ಅಧ್ಯಾಪಕರು ಒಂದೊಂದು ನೃತ್ಯ ಕಟ್ಟುತ್ತಿದ್ದರು. ಹೊರಗಿನಿಂದ ಬಂದ ಅತಿಥಿಯದೂ ಒಂದಿರುತ್ತಿತ್ತು. ಆಕೆಯ ಜಾಗ ಮಾತ್ರ ಯಾವತ್ತೂ ಪರದೆಯ ಪಕ್ಕದ ಕತ್ತಲು. ಮಗಳು ಹುಟ್ಟಿದ ಮೇಲೆ ಆಕೆ ರಂಗದ ಮೇಲೆ ಕುಣಿದದ್ದೇ ಇಲ್ಲ. ಈ ಸಲ ಅತಿಥಿಯಾಗಿ ಬಂದವನು ಆಕೆಯ ಹಳೆಯ ಶಿಷ್ಯ. ತನ್ನ ನೃತ್ಯದಲ್ಲಿ ಹುಡುಗಿಯರ ಜೊತೆ ಮಿಸ್ಸೇ ಕುಣಿಯಬೇಕೆಂದು ಪಟ್ಟು ಹಿಡಿದ. ಮಂಡಿನೋವಿನ ನೆಪ ಹೇಳಿ ಮನೆಗೆ ಬಂದ ಆಕೆ, ಅಡುಗೆಮನೆಯಲ್ಲಿ ಗುಟ್ಟಾಗಿ ಒಂದು ಸುತ್ತು ತಿರುಗಿ ನೋಡಿದಳು. ಪಾತ್ರೆಗಳು ಉರುಳಿದವು.

“ಹೂಂ ಅಂದುಬಿಡು ಮಾರಾಯ್ತಿ,” ಎಂದ ಗಂಡ ಹಜಾರದಿಂದಲೇ. “ಇಲ್ಲಾಂದ್ರೆ ಮನೇಲಿ ಒಂದು ಪಾತ್ರೆನೂ ಉಳಿಯಲ್ಲ.”

ಆಕೆ ಒಪ್ಪಿದಳು. ತನ್ನೊಳಗೆ ಕುಣಿಯುವವಳು ಇನ್ನೂ ಇದ್ದಾಳೋ, ಬರೀ ಟೀಚರೊಬ್ಬಳೇ ಉಳಿದಿದ್ದಾಳೋ, ಅದನ್ನು ತಿಳಿಯಬೇಕಿತ್ತು.

ಎರಡು ದಿನದ ಪ್ರದರ್ಶನ. ಮೊದಲ ಸಂಜೆ ಸಭಾಂಗಣ ತುಂಬಿತ್ತು. ಅರ್ಧದವರೆಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯ ಎಡ ಮೊಣಕೈ ಇಳಿಯಿತು. ಆಕೆ ತನ್ನ ಸಾಲು ಬಿಟ್ಟು ನೇರ ನಡೆದುಹೋಗಿ ಅದನ್ನು ಎತ್ತಿ ನಿಲ್ಲಿಸಿದಳು. ತಾನೆಲ್ಲಿದ್ದೇನೆಂದು ನೆನಪಾದದ್ದು ಆಮೇಲೆ. ಇದೂ ನೃತ್ಯದ ಭಾಗವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಹುಡುಗಿ ತುಟಿ ಕಚ್ಚಿ ನಗು ತಡೆದಳು.

ಅತಿಥಿಗಂತೂ ಹಿಗ್ಗೋ ಹಿಗ್ಗು. ನಾಳೆಯೂ ಹಾಗೇ ಮಾಡಿ ಎಂದು ದುಂಬಾಲುಬಿದ್ದ.

ಆಕೆ ಬಣ್ಣ ಒರೆಸಿಕೊಳ್ಳುತ್ತ, “ಬೇಡಪ್ಪ. ಕಲಿಸೋದು ದಿನಾ ಇದ್ದೇ ಇದೆ. ನಾನು ಬಂದಿದ್ದು ಕುಣಿಯೋಕೆ,” ಎಂದಳು.

ಮನೆಗೆ ಹೋಗುವಾಗ ಗಂಡನ ಸ್ಕೂಟರಿನ ಹಿಂದೆ ಆಕೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. ನಾಳೆ ಕೈ ಕಟ್ಟಿಯೇ ಕಳಿಸುತ್ತೇನೆಂದು ಗಂಡ ಛೇಡಿಸಿದ. ಕೈ ಕಟ್ಟಿದರೆ ಕುಣಿಯುವುದು ಹೇಗ್ರೀ ಎನ್ನುತ್ತ ಆಕೆಯೂ ನಕ್ಕಳು.

ಮರುದಿನ ಅದೇ ಹಾಡು, ಅದೇ ಜಾಗ, ಅದೇ ಮೊಣಕೈ. ನಿನ್ನೆಗಿಂತಲೂ ಕೆಳಗೆ. ಪರದೆಯ ಪಕ್ಕದಲ್ಲಿ ಮಕ್ಕಳು ಬಾಯಿ ಮುಚ್ಚಿಕೊಂಡು ನಿಂತರು. ಎದುರಿನ ಸಾಲಿನಲ್ಲಿ ಗಂಡ ಕುರ್ಚಿಯ ಹಿಡಿ ಬಿಗಿಹಿಡಿದ. ಆಕೆಯ ಅಂಗೈ ಕಡಿಯತೊಡಗಿತು. ಸರಿಯಾಗಿ ಆಗಲೇ ಹಾಡಿನೊಂದಿಗೆ ಆಕೆಯದೇ ತೋಳು ಮೇಲೇಳಬೇಕಿತ್ತು. ಎದ್ದಿತು. ಎಷ್ಟೋ ವರ್ಷಗಳ ಮೇಲೆ ಆಕೆ ಒಂದು ಮೊಣಕೈಯನ್ನು ಒಳಗಿನಿಂದ ಕಂಡಳು: ಭುಜದಿಂದ ಹೊರಟ ಏನೋ ಒಂದು ಅಲ್ಲಿ ತಿರುಗಿ ಬೆರಳ ತುದಿಯವರೆಗೆ ಬೆಚ್ಚಗೆ ಹರಿಯಿತು. ಹೊಳೆ ಕಲ್ಲನ್ನು ಬಳಸಿ ಹೋಗುವ ಹಾಗೆ ಆಕೆ ಹುಡುಗಿಯನ್ನು ಬಳಸಿ ಮುಂದೆ ಹೋದಳು. ಮಂಡಿ ಗೊಣಗಿತು, ಆದರೂ ಜೊತೆಗೆ ಬಂತು.

ಕೊನೆಗೆ ಎಲ್ಲರೂ ಸಾಲಾಗಿ ಬಾಗಿ ಕೈ ಎತ್ತಿದರು. ಪಕ್ಕದಲ್ಲಿದ್ದ ಆ ಹುಡುಗಿ ಪಿಸುಗುಟ್ಟಿದಳು, “ಅಷ್ಟು ಹೊತ್ತು ಹೇಗೆ ತಡ್ಕೊಂಡ್ರಿ ಮಿಸ್?”

“ನಂದೇ ನೋಡ್ಕೋತಿದ್ದೆ ಕಣೇ,” ಎಂದ ಆಕೆ, ಪರದೆ ಇಳಿಯುವ ಮೊದಲೇ ಹುಡುಗಿಯ ಮೊಣಕೈ ಎತ್ತಿ ಸರಿಮಾಡಿದಳು.